ಕಪ್ಪು ಕಲಾಯಿ

ಅಬ್ಬಾ ಪಾತ್ರೆಗೆ ಕಲಾಯಿ ಹಾಕುತ್ತಿದ್ದರು
ಕೋಲಾರದ ಗಡಿಯಾರ ಗೋಪುರದ ಹಿಂದಿನ ಸಂದಿಯಲ್ಲಿ.
ತಿದಿ ಒತ್ತುವುದು ನನ್ನ ಕೆಲಸ.
ಕಾದ ತಾಮ್ರಕ್ಕೆ ಚಿಟಿಕೆ ನವಸಾಗರ, ಬುಸ್ಸೆಂದು ಬಿಳಿ ಹೊಗೆ,
ತವರದ ಕಡ್ಡಿ ಒಮ್ಮೆ ಮುಟ್ಟಿಸಿ
ಹತ್ತಿಯಲ್ಲಿ ಒರೆಸಿದರೆ
ಹಂಡೆಯ ಹೊಟ್ಟೆಯೊಳಗೆ ನನ್ನದೇ ಮೂಗು,
ಅಗಲವಾಗಿ, ನಗುತ್ತಾ.
ಗಿರಾಕಿ ಹೆಂಗಸರು ದುಡ್ಡು ಎಣಿಸುವ ಮೊದಲು
ಅದರಲ್ಲೇ ನೋಡಿ ಸೆರಗು ಸರಿಮಾಡಿಕೊಳ್ಳುತ್ತಿದ್ದರು.
ಅದೇ ರಸೀದಿ.

ಈಗ ವೇಮಗಲ್ ಹತ್ತಿರದ ಶೆಡ್ಡಿನಲ್ಲಿ
ನಾನು ಬಣ್ಣ ಹೊಡೆಯುತ್ತೇನೆ.
ಬಣ್ಣವೆಂದರೆ ಬಣ್ಣವಲ್ಲ. ರಾಗಿ ಹಿಟ್ಟಿಗಿಂತ ನುಣ್ಣಗಿನ ಕಬ್ಬಿಣದ ಪುಡಿ,
ಅಂಟು, ಇನ್ನೊಂದೇನೋ ದ್ರವ. ಅದರ ಅಳತೆ
ಚೌಡರೆಡ್ಡಿಯ ಬೀರುವಿನಲ್ಲಿದೆ, ಬೀಗದ ಕೈ ಅವನ ಉಡದಾರದಲ್ಲಿ.
ಮುದ್ದೆ ತೊಳಸಿದಂತೆ ತೊಳಸುತ್ತಲೇ ಇರಬೇಕು;
ಟೀ ಬಂತೆಂದು ಕೈಬಿಟ್ಟರೆ
ಕಬ್ಬಿಣ ತಳ ಹಿಡಿದು ಕೂರುತ್ತದೆ,
ಮುನಿಸಿಕೊಂಡ ನಾದಿನಿಯ ಹಾಗೆ.
ಒಂದು ಸುತ್ತು. ಒಣಗಲಿ. ಇನ್ನೊಂದು.
ಕೂದಲೆಳೆ ದಪ್ಪವಾದರೆ ಭಾರ,
ತೆಳುವಾದರೆ ಬಾಯಿಬಡುಕ.

ಆಮೇಲೆ ಬೆನೆಡಿಕ್ಟ್ ಹಲಗೆಯನ್ನೆತ್ತಿ
ನೀಲಿ ಮುಳ್ಳಿನ ಕೋಣೆಗೆ ಒಯ್ಯುತ್ತಾನೆ.
ಗೋಡೆ, ಸೂರು, ನೆಲ, ಎಲ್ಲೆಲ್ಲೂ ಸ್ಪಂಜಿನ ಮೊನೆಗಳು.
ಅಲ್ಲಿ ಮಾತಾಡಿದರೆ
ಮಾತು ತುಟಿಯಿಂದ ನೇರ ಕಾಲಬುಡಕ್ಕೆ ಬೀಳುತ್ತದೆ.
ಚಿಕ್ಕಂದಿನಲ್ಲಿ ಅಂತರಗಂಗೆಯ ಬಂಡೆಗಳ ನಡುವೆ
ನನ್ನ ಹೆಸರು ನಾನೇ ಕೂಗಿಕೊಂಡರೆ
ಮೂರು ಶಾಕಿರಾಗಳು ಓಡಿ ಬರುತ್ತಿದ್ದರು.
ಇಲ್ಲಿ ಹೋದವಳು ಹೋದಳು.

ಬೆನೆಡಿಕ್ಟನ ತಾತ ಕೆಜಿಎಫ್ ಗಣಿಯಲ್ಲಿ
ತಲೆಮೇಲಿನ ಬಂಡೆಯನ್ನು ಸರಳಿನಿಂದ ತಟ್ಟಿ ಕೇಳುತ್ತಿದ್ದನಂತೆ:
ಠಣ್ ಎಂದರೆ ಮುಂದೆ ನಡಿ, ಬೊದ್ ಎಂದರೆ ಓಡು.
“ಅವರು ಉತ್ತರ ಕೇಳಿ ಬದುಕಿದರು.
ನಾನು ಉತ್ತರ ಬರದಿರಲೆಂದು ಸಂಬಳ ತಗೋತೀನಿ”
ಎನ್ನುತ್ತಾನೆ, ತೆರೆಯ ಮೇಲಿನ ಗೆರೆ ಕುಸಿಯುವುದನ್ನೇ ನೋಡುತ್ತಾ.
ಮೈನಸ್ ಹದಿನಾಲ್ಕು. ಮೈನಸ್ ಹತ್ತೊಂಬತ್ತು.
ಮಳೆಗಾಲಕ್ಕೆ ಒಂದು ಸಲ ಇಡೀ ಪದರ ಸಿಪ್ಪೆಯಂತೆ ಎದ್ದು ಬಂತು.
ಮತ್ತೆ ಮೊದಲಿಂದ.
ಮೈನಸ್ ಇಪ್ಪತ್ತೆರಡು ಬಂದ ದಿನ
ಚೌಡರೆಡ್ಡಿ ಎಲ್ಲರಿಗೂ ಮೈಸೂರು ಪಾಕು ತರಿಸಿದ,
ತನಗೆ ಸಕ್ಕರೆ ಕಾಯಿಲೆಯೆಂದು ಬೆರಳು ಮಾತ್ರ ನೆಕ್ಕಿದ.

ಯಾವುದಕ್ಕೆ ಹಚ್ಚುತ್ತಾರೋ ನಮಗೆ ಹೇಳುವುದಿಲ್ಲ.
ರೆಕ್ಕೆಯೋ ಮೂತಿಯೋ, ಹಲಗೆಗೆ ನಂಬರು ಮಾತ್ರ.
ಆದರೂ ಕೆಲವು ರಾತ್ರಿ ಒಬ್ಬಳು ಬರುತ್ತಾಳೆ ನೆನಪಿಗೆ,
ಕಂಡೇ ಇಲ್ಲದವಳು:
ಗಡಿಯಾಚೆ ಎಲ್ಲೋ ತೆರೆಯೊಂದರ ಮುಂದೆ ಆಕಳಿಸಿ,
ಚುಕ್ಕೆ ಇಲ್ಲ, ಎಲ್ಲ ಶಾಂತ ಎಂದು ಪುಸ್ತಕದಲ್ಲಿ ಬರೆದು
ಟೀಗೆ ಏಳುವವಳು.
ಅವಳಿಗೆ ಸಕ್ಕರೆ ಎಷ್ಟು ಚಮಚ?
ಆ ಬಣ್ಣದೊಳಗೆ ಕೂತ ನಮ್ಮ ಹುಡುಗನೂ
ಬೆಳಗಾದರೆ ಮನೆಗೆ ಬರಬೇಕಾದವನು.
ಇಬ್ಬರನ್ನೂ ಒಟ್ಟಿಗೆ ನೆನೆಯಲು ನನಗೆ ಬರುವುದಿಲ್ಲ.
ಮಗ್ಗುಲು ಬದಲಿಸುತ್ತೇನೆ.

ಗೇಟಿನಲ್ಲಿ ಚೀಲ ಸುರಿಸಿ ನೋಡುತ್ತಾರೆ,
ಉಗುರ ಸಂದಿಯದನ್ನು ಯಾರೂ ಕೇಳುವುದಿಲ್ಲ.
ಅಬ್ಬಾ ನನ್ನ ಕೈ ಹಿಡಿದು ಮೂಸುತ್ತಾರೆ. “ಕಬ್ಬಿಣ.”
ಎರಡೂ ಕಣ್ಣಿಗೆ ಪೊರೆ, ಆಪರೇಷನ್ನಿಗೆ ಹೆದರಿಕೆ.
“ಕೆಲಸ ಸರಿಯಾಯ್ತು ಅಂತ ಹೆಂಗಮ್ಮಾ ಗೊತ್ತಾಗ್ತದೆ?”
“ಏನೂ ಕಾಣದಿದ್ರೆ ಸರಿ, ಅಬ್ಬಾ.”
“ಹಂಗಾದ್ರೆ ನಾನೀಗ ನೋಡೋದೆಲ್ಲ ನಿನ್ನ ಕೆಲಸವೇ!”
ಕೆಮ್ಮು ಬರುವ ತನಕ ನಕ್ಕರು.

ಭಾನುವಾರ ಅಟ್ಟದಿಂದ ಅಮ್ಮಿಯ ಬಿರಿಯಾನಿ ದೇಗ ಇಳಿಸಿದೆ.
ಒಳಗೆಲ್ಲ ತಾಮ್ರ ಎದ್ದಿತ್ತು.
ತಿದಿ ಎಲ್ಲಿದೆ ಈಗ? ಗ್ಯಾಸ್ ಒಲೆಯ ಮೇಲೇ ಕಾಯಿಸಿದೆ.
ನವಸಾಗರದ ಹೊಗೆಗೆ ಪಕ್ಕದ ಮನೆಯವರು ಕಿಟಕಿ ಮುಚ್ಚಿದರು.
ಹತ್ತಿ ಸುತ್ತಿದ ಕೈ ಸುತ್ತ ತಿರುಗಿತು, ಮರೆತಿರಲಿಲ್ಲ.
ಅಬ್ಬಾ ಬಾಗಿಲಲ್ಲಿ ಕೂತು, ಹೊಗೆಯ ಕಡೆ ಮುಖ ಮಾಡಿ
“ಬಂತಾ?” ಅಂದರು.

ಬಗ್ಗಿ ನೋಡಿದೆ. ಅಗಲ ಮೂಗು,
ಕಪ್ಪು ಉಗುರುಗಳು.
“ಬಂತು” ಅಂದೆ.